ಮಾರ್ಗಶಿರಕ್ಕೆ ದಾಟಿದ ಕಾರ್ತಿಕದ ಪರಿಷೆ

ಬಸವನಗುಡಿಯ ಕಡಲೆಕಾಯಿ ಪರಿಷೆ ಯಾವತ್ತು ಎಂದು ಕೇಳಿದರೆ ಹಳೇ ಬೆಂಗಳೂರಿನವರು ಕ್ಯಾಲೆಂಡರ್ ಕಡೆ ತಿರುಗದೆ ಹೇಳುತ್ತಿದ್ದರು: ಕಡೇ ಕಾರ್ತಿಕ ಸೋಮವಾರ. 2025ರಲ್ಲಿ ಆ ಉತ್ತರ ಸಾಲಲಿಲ್ಲ. ನವೆಂಬರ್ 17ರ ಸೋಮವಾರದಿಂದ 21ರ ಶುಕ್ರವಾರದವರೆಗೆ, ಒಟ್ಟು ಐದು ದಿನ ಪರಿಷೆ ಎಂದು ಪ್ರಕಟವಾಯಿತು. ಪಂಚಾಂಗ ತೆಗೆದರೆ ಆ ವರ್ಷ ಕಾರ್ತಿಕದ ಅಮಾವಾಸ್ಯೆ ಬಿದ್ದದ್ದು 20ಕ್ಕೆ. ಐದನೇ ದಿನ ಬೆಳಗಾಗುವಷ್ಟರಲ್ಲಿ ಮಾರ್ಗಶಿರದ ಪಾಡ್ಯ ಬಂದಾಗಿತ್ತು. ಕಾರ್ತಿಕದ ಪರಿಷೆ ಕಾರ್ತಿಕವನ್ನೇ ದಾಟಿಹೋಯಿತು.

ದಿನ ಹೆಚ್ಚಿಸಿದರೆ ಜನ ಹಂಚಿಹೋಗುತ್ತಾರೆ, ವ್ಯಾಪಾರಿಗಳಿಗೂ ಅನುಕೂಲ ಎಂಬುದು ಇದರ ಪರವಾದ ವಾದ. ಕೇಳಲು ಸರಿಯಾಗಿಯೇ ಇದೆ. ಆದರೆ ಬುಲ್ ಟೆಂಪಲ್ ರಸ್ತೆಯ ಅಕ್ಕಪಕ್ಕದ ಮನೆಗಳಲ್ಲಿ ಈ ಸುದ್ದಿಗೆ ಬಂದ ಪ್ರತಿಕ್ರಿಯೆ ಓದುಗರನ್ನು ಗೊಂದಲಕ್ಕೆ ಕೆಡವುವಂಥದ್ದು. ಪರಿಷೆ ನಮ್ಮ ಹೆಮ್ಮೆ ಎನ್ನುವವರೂ ಅವರೇ, ಆ ವಾರ ಊರು ಬಿಟ್ಟು ಹೋಗಬೇಕು ಅನ್ನಿಸುತ್ತದೆ ಎನ್ನುವವರೂ ಅವರೇ. ಇದನ್ನು ದೇವರನ್ನು ನಂಬುವವರು ಮತ್ತು ನಂಬದವರ ಜಗಳವೆಂದೋ, ಹಳಬರು ಮತ್ತು ಹೊಸಬರ ಜಗಳವೆಂದೋ ಓದಿದರೆ ತಪ್ಪಾಗುತ್ತದೆ. ಹೆಚ್ಚಿನ ಕಡೆ ಈ ಎರಡು ಮನಸ್ಸು ಇರುವುದು ಒಂದೇ ಮನೆಯೊಳಗೆ, ಎಷ್ಟೋ ಸಲ ಒಬ್ಬರಲ್ಲೇ.

ಬಸವ ಮೊದಲು, ಬಡಾವಣೆ ಆಮೇಲೆ

ಕತೆ ಎಲ್ಲರಿಗೂ ಗೊತ್ತಿರುವಂಥದ್ದೇ. ಸುಂಕೇನಹಳ್ಳಿ, ಗವಿಪುರ, ಮಾವಳ್ಳಿ, ಗುಟ್ಟಹಳ್ಳಿ ಕಡೆಯ ರೈತರ ಕಡಲೆಕಾಯಿ ಹೊಲಕ್ಕೆ ಹುಣ್ಣಿಮೆ ರಾತ್ರಿ ಬಸವವೊಂದು ನುಗ್ಗಿ ಮೇಯುತ್ತಿತ್ತು. ಅಟ್ಟಿಸಿಕೊಂಡು ಹೋದಾಗ ಅದು ಗುಡ್ಡದ ಮೇಲೆ ಕಲ್ಲಾಗಿ ಕೂತಿತ್ತು. ತಪ್ಪಾಯಿತೆಂದು ರೈತರು ವರ್ಷದ ಮೊದಲ ಬೆಳೆಯನ್ನು ಅದಕ್ಕೇ ಒಪ್ಪಿಸತೊಡಗಿದರು. ದೊಡ್ಡ ಬಸವಣ್ಣನ ಗುಡಿಯನ್ನು 1537ರಲ್ಲಿ ಕೆಂಪೇಗೌಡರು ಕಟ್ಟಿಸಿದರೆಂಬುದು ರೂಢಿಯ ಮಾತು. ಒಂದೇ ಕಲ್ಲಿನಲ್ಲಿ ಕಡೆದ ಬಸವ ಸುಮಾರು 15 ಅಡಿ ಎತ್ತರ, 20 ಅಡಿ ಉದ್ದ.

ಬಡಾವಣೆ ಬಂದದ್ದು ಬಹಳ ಈಚೆಗೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಡಿದಾಗ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರಲೆಂದು ಬಸವನಗುಡಿ, ಮಲ್ಲೇಶ್ವರಗಳನ್ನು ಅಳತೆ ಹಾಕಿ ರೂಪಿಸಿದರು. ಅಗಲ ರಸ್ತೆ, ಮನೆ ಸುತ್ತ ಗಾಳಿಯಾಡುವ ಜಾಗ, ಮರಗಳ ಸಾಲು. ಇಲ್ಲಿ ನೆಲೆಸಿದವರು ಬಯಸಿ ಬಂದದ್ದೇ ಸಂದಣಿಯಿಂದ ದೂರ ಇರುವ ಬದುಕನ್ನು. ಅದೇ ಬಡಾವಣೆಯ ನೆತ್ತಿಯ ಮೇಲೆ ವರ್ಷಕ್ಕೊಮ್ಮೆ ಲಕ್ಷಗಟ್ಟಲೆ ಜನ ಸೇರುವ ಪರಿಷೆ. ವಿರೋಧಾಭಾಸ ಹುಟ್ಟಿನಿಂದಲೇ ಇದೆ.

ಆದ್ದರಿಂದ ‘ಇಷ್ಟವಿಲ್ಲದಿದ್ದರೆ ಮನೆ ಖಾಲಿ ಮಾಡಿ, ಪರಿಷೆ ನಿಮಗಿಂತ ಹಳೆಯದು’ ಎಂಬ ಸಿದ್ಧ ಉತ್ತರಕ್ಕೆ ಚರಿತ್ರೆಯ ಬೆಂಬಲ ಇದ್ದಂತೆ ಕಾಣುತ್ತದೆ. ಅರ್ಧ ಮಾತ್ರ ಇದೆ. ಕಡಲೆಕಾಯಿ ದಕ್ಷಿಣ ಅಮೆರಿಕ ಮೂಲದ ಬೆಳೆ, ಯುರೋಪಿನ ಹಡಗುಗಳು ಸಮುದ್ರ ದಾಟಿದ ಮೇಲೆ ನಮ್ಮ ಹೊಲಕ್ಕೆ ಬಂದದ್ದು. ಅಂದರೆ ಈ ಪರಿಷೆಯೂ ಯಾವುದೋ ಕಾಲದಲ್ಲಿ ಹೊಸ ಬೆಳೆಗೆ, ಹೊಸ ಜನಕ್ಕೆ ತನ್ನನ್ನು ಹೊಂದಿಸಿಕೊಂಡೇ ಬಂದಿದೆ. ಗುಡಿ ಹಳೆಯದು, ಕಡೇ ಸೋಮವಾರ ಹಳೆಯದು. ಐದು ದಿನ, ಎಲ್‌ಇಡಿ ದೀಪದ ತೋರಣ, ಪ್ಲಾಸ್ಟಿಕ್ ಆಟಿಕೆಯ ಸಾಲು ಹಳೆಯವಲ್ಲ. ಮನೆಯವರ ತಕರಾರೂ ಬಹುಪಾಲು ಈ ಎರಡನೇ ಪಟ್ಟಿಯ ಮೇಲೆಯೇ ಇದೆ.

ಹಿಗ್ಗಿದ್ದು ಎಲ್ಲಿಂದ?

ಆದೇಶದಿಂದಲೇ ಹಿಗ್ಗಿತು ಎಂದುಕೊಳ್ಳುವಂತಿಲ್ಲ. ಪರಿಷೆಯ ದಿನ ಸೋಮವಾರ. ನಗರಕ್ಕೆ ರಜೆ ಇರುವುದು ಶನಿವಾರ, ಭಾನುವಾರ. ಹಿಂದೆ ಸುತ್ತಲಿನ ಹಳ್ಳಿಯ ಬೇಸಾಯಗಾರರಿಗೆ, ಪೇಟೆಯ ವ್ಯಾಪಾರಿಗಳಿಗೆ ಸೋಮವಾರವಾದರೇನು, ಬುಧವಾರವಾದರೇನು. ಈಗ ಬರುವವರಲ್ಲಿ ಕಚೇರಿಗೆ ಹೋಗುವವರೇ ಹೆಚ್ಚು. ಅವರು ಸೋಮವಾರಕ್ಕೆ ಕಾಯದೆ ಹಿಂದಿನ ಶನಿವಾರವೇ ಬಂದರು. ಗಿರಾಕಿ ಬರುತ್ತಾನೆಂದು ಗೊತ್ತಾದ ಮೇಲೆ ವ್ಯಾಪಾರಿ ಶುಕ್ರವಾರ ರಾತ್ರಿಯೇ ಬಂದು ಟಾರ್ಪಾಲು ಹಾಸಿದ. ಹೀಗೆ ಕಾಗದದ ಮೇಲೆ ಒಂದೆರಡು ದಿನವಿದ್ದ ಪರಿಷೆ ರಸ್ತೆಯ ಮೇಲೆ ನಾಲ್ಕೈದು ದಿನ ಆಗಲೇ ನಡೆಯುತ್ತಿತ್ತು.

ಮೇಲಿಂದ ಮೆಟ್ರೊ ಬಂತು. 2017ರಲ್ಲಿ ಹಸಿರು ಮಾರ್ಗ ದಕ್ಷಿಣಕ್ಕೆ ಯಲಚೇನಹಳ್ಳಿವರೆಗೆ ಚಾಚಿದ ಮೇಲೆ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದರೆ ಪರಿಷೆಗೆ ನಡೆದೇ ಹೋಗಬಹುದು. ವಾಹನ ಕಡಿಮೆಯಾಗಲು ಇದು ಒಳ್ಳೆಯದೇ. ಆದರೆ ಬರುವುದು ಸುಲಭವಾದಷ್ಟೂ ಬರುವವರು ಹೆಚ್ಚು. ಹುಡುಗರ ಮೊಬೈಲ್‌ಗಳಲ್ಲಿ ಮೂವತ್ತು ಸೆಕೆಂಡಿನ ವಿಡಿಯೊಗಳು ಹರಿದಾಡತೊಡಗಿದ ಮೇಲಂತೂ ಕಡಲೆಕಾಯಿ ಕೊಳ್ಳುವ ಜಾಗ ‘ನೋಡಲೇಬೇಕಾದ’ ಜಾಗವಾಯಿತು.

ಐದು ದಿನದ ಆದೇಶವನ್ನು ಹಾಗಾದರೆ ಇದ್ದದ್ದನ್ನು ಒಪ್ಪಿಕೊಂಡ ಆದೇಶ ಎನ್ನಬಹುದೇ? ಅಲ್ಲೇ ಒಂದು ಸೂಕ್ಷ್ಮ ತಪ್ಪಿಹೋಗಿದೆ. ವ್ಯಾಪಾರಿಗಳು ಮುಂಚೆ ಬರುವುದು ಸೋಮವಾರದ ಹಿಂದಿನ ಶನಿವಾರ–ಭಾನುವಾರಕ್ಕಾಗಿ. ಆದೇಶ ದಿನ ಸೇರಿಸಿದ್ದು ಸೋಮವಾರದ ಮುಂದಕ್ಕೆ. ಹಿಂದಿನದು ನಿಲ್ಲಲಿಲ್ಲ, ಮುಂದಿನದು ಸೇರಿಕೊಂಡಿತು. ರಸ್ತೆಯವರ ಎಣಿಕೆಯಲ್ಲಿ ಪರಿಷೆ ಏಳು ದಿನ.

ಗೇಟಿನ ಒಳಗಿನಿಂದ

ಸಂಜೆ ಏಳು ಗಂಟೆ ಎಂದುಕೊಳ್ಳಿ. ರಾಮಕೃಷ್ಣ ಆಶ್ರಮದ ಕಡೆಯಿಂದ ಗುಡಿಯವರೆಗೆ ರಸ್ತೆಯ ಎರಡೂ ಬದಿ ಕಡಲೆಕಾಯಿ ರಾಶಿ. ನಡುವೆ ಜನ ಎಷ್ಟು ಒತ್ತಿಕೊಂಡಿದ್ದಾರೆಂದರೆ ಕಾಲು ಇಡುವುದು ನಮ್ಮ ಕೈಲಿಲ್ಲ, ಹಿಂದಿನವರು ನೂಕಿದತ್ತ ಹೋಗಬೇಕು. ಅಡ್ಡರಸ್ತೆಯ ಮನೆಯೊಂದರ ಗೇಟಿನ ಮುಂದೆ ಪೀಪಿ ಮಾರುವವನು ಕೋಲಿಗೆ ಚುಚ್ಚಿದ ಬಣ್ಣಬಣ್ಣದ ಗೊಂಚಲು ಹಿಡಿದು ನಿಂತಿದ್ದಾನೆ, ಮಾದರಿಗೆಂದು ತಾನೇ ಊದುತ್ತಿದ್ದಾನೆ. ಗೇಟಿಗೆ ತಗುಲಿಸಿದ ‘ವಾಹನ ನಿಲ್ಲಿಸಬಾರದು’ ಫಲಕದ ಕೆಳಗೆ ನಾಲ್ಕು ಸ್ಕೂಟರ್. ಒಳಗೆ ರಾತ್ರಿ ಪಾಳಿಗೆ ಹೊರಟವರೊಬ್ಬರು ಹೆಲ್ಮೆಟ್ ಹಾಕಿಕೊಂಡೇ ಕಾಯುತ್ತಿದ್ದಾರೆ. ಅದೇ ಮನೆಯ ಅಡುಗೆಮನೆಯಲ್ಲಿ ಪರಿಷೆಯಿಂದ ತಂದ ಹಸಿ ಕಡಲೆಕಾಯಿ ಉಪ್ಪು ಹಾಕಿ ಬೇಯುತ್ತಿದೆ, ಹೊರಗಿನಿಂದ ಬಂದ ನೆಂಟರು ಜಗಲಿ ಮೇಲೆ ಕೂತು ಸಿಪ್ಪೆ ಸುಲಿಯುತ್ತಿದ್ದಾರೆ.

ಈ ಮನೆಯನ್ನು ಪರಿಷೆಯ ಪರ ಎಂದು ಬರೆಯಬೇಕೋ, ವಿರುದ್ಧ ಎಂದೋ?

ದೂರುಗಳನ್ನು ಗಮನವಿಟ್ಟು ಕೇಳಿದರೆ ಕಡಲೆಕಾಯಿಯ ಮೇಲೆ ದೂರು ಬರುವುದೇ ಅಪರೂಪ. ದೂರು ಪೀಪಿಯ ಮೇಲೆ, ಧ್ವನಿವರ್ಧಕದ ಮೇಲೆ. ಹೋಗಬರಲು ದಾರಿಯಿಲ್ಲದಿರುವುದರ ಮೇಲೆ. ಮನೆಯಲ್ಲಿ ವಯಸ್ಸಾದವರು, ಕಾಯಿಲೆಯವರು ಇದ್ದರಂತೂ ರಾತ್ರಿ ಆಂಬುಲೆನ್ಸ್ ಬರಬೇಕಾದರೆ ಏನು ಗತಿ ಎಂಬ ದಿಗಿಲು. ಮುಂದಿನದು ಕಸ. ಕಡಲೆಕಾಯಿ ಸಿಪ್ಪೆ ಕೊಳೆತು ಮಣ್ಣಾಗುವಂಥದ್ದು, ಅದರಿಂದ ದೊಡ್ಡ ತೊಂದರೆಯಿಲ್ಲ. ಆದರೆ ಪ್ಲಾಸ್ಟಿಕ್ ಲೋಟ, ಚಾಟ್‌ನ ತಟ್ಟೆಗಳ ಜೊತೆ ಬೆರೆತರೆ ಅದನ್ನು ಬೇರ್ಪಡಿಸಲು ಯಾರಿಂದಲೂ ಆಗುವುದಿಲ್ಲ. ಕೈಚೀಲ ತನ್ನಿ ಎಂದು ಇಲಾಖೆಗಳು ವರ್ಷವರ್ಷವೂ ಪ್ರಚಾರ ಮಾಡುತ್ತವೆ. ಕಡಲೆಕಾಯಿಗೆ ಕೈಚೀಲ ತಂದವರೂ ಪಾನಿಪೂರಿಗೆ ಮನೆಯಿಂದ ತಟ್ಟೆ ತರುವುದಿಲ್ಲವಲ್ಲ.

ಎಲ್ಲಕ್ಕಿಂತ ಹೇಳಲು ಮುಜುಗರದ ದೂರು ಕಾಂಪೌಂಡ್ ಗೋಡೆಯದ್ದು. ಇದರ ಕಾರಣವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಮೂಟೆಗಟ್ಟಲೆ ಕಡಲೆಕಾಯಿ ತಂದ ವ್ಯಾಪಾರಿ ರಾತ್ರಿ ಅದನ್ನು ಬಿಟ್ಟು ಎಲ್ಲಿಗೂ ಹೋಗುವಂತಿಲ್ಲ. ಸಂಸಾರ ಸಮೇತ ಬಂದವರು ಮೂಟೆಯ ಪಕ್ಕದಲ್ಲೇ, ಫುಟ್‌ಪಾತಿನ ಮೇಲೆ ಕಂಬಳಿ ಹೊದ್ದು ಮಲಗುತ್ತಾರೆ. ಸಂಚಾರಿ ಶೌಚಾಲಯ ರಸ್ತೆಯ ಒಂದು ತುದಿಯಲ್ಲಿದ್ದರೆ ಇನ್ನೊಂದು ತುದಿಯವರಿಗೆ, ಅದರಲ್ಲೂ ಹೆಂಗಸರಿಗೆ, ನಡುರಾತ್ರಿ ಅದು ಇದ್ದೂ ಇಲ್ಲದ ಹಾಗೆ. ಒಂದು ರಾತ್ರಿಯಾದರೆ ಹೇಗೋ ಕಳೆಯಿತು. ಐದು ರಾತ್ರಿಯಾದರೆ ಗೋಡೆ ನಾರುತ್ತದೆ. ಬೆಳಗ್ಗೆ ಎದ್ದ ಮನೆಯವರಿಗೆ ಕಾಣುವುದು ನಾರುವ ಗೋಡೆ ಮತ್ತು ಎದುರಿಗೆ ಕೂತ ವ್ಯಾಪಾರಿ. ಶೌಚಾಲಯ ಎಷ್ಟು ಬೇಕೆಂದು ಲೆಕ್ಕ ಹಾಕಬೇಕಿದ್ದವರು ಇಬ್ಬರ ಕಣ್ಣಿಗೂ ಬೀಳುವುದಿಲ್ಲ. ನೆರೆಹೊರೆಯ ಸಿಟ್ಟು ತಿರುಗಬಾರದವರ ಮೇಲೆ ತಿರುಗುವುದು ಹೀಗೆ.

ಸೇರು ಅಳೆಯುವವರ ಕಡೆಯಿಂದ

ಮಾಗಡಿ, ಕನಕಪುರ, ಚಿಂತಾಮಣಿ, ಕೋಲಾರದ ಕಡೆಯಿಂದಷ್ಟೇ ಅಲ್ಲ, ತಮಿಳುನಾಡು, ಆಂಧ್ರದ ಗಡಿ ಜಿಲ್ಲೆಗಳಿಂದಲೂ ಇಲ್ಲಿಗೆ ಕಡಲೆಕಾಯಿ ಬರುತ್ತದೆ. ಸಾಮ್ರಾಟ್, ಗಡಂಗ್, ಬಾದಾಮಿ ಎಂದು ಹೆಸರು ಹೇಳಿ ಮಾರುತ್ತಾರೆ. ಅಳತೆಯ ಕಾನೂನಿನಿಂದ ಸೇರು ಹೋಗಿ ದಶಕಗಳಾದರೂ ಪರಿಷೆಯಲ್ಲಿ ಇಂದಿಗೂ ಸೇರಿನದೇ ಮಾತು. ಅಂಚಿನ ಮೇಲೆ ಗೋಪುರ ನಿಲ್ಲುವ ಹಾಗೆ ತುಂಬಿ, ಚೀಲಕ್ಕೆ ಸುರಿದು, ‘ತಗೊಳಮ್ಮಾ’ ಎಂದು ಮೇಲೊಂದು ಹಿಡಿ ಹಾಕುವವರೆಗೆ ಕೊಂಡವರು ಕೈ ಹಿಂದಕ್ಕೆ ತೆಗೆಯುವುದಿಲ್ಲ.

ದಿನ ಹೆಚ್ಚಾದರೆ ಇವರೆಲ್ಲರಿಗೂ ಲಾಭ ಎಂಬುದು ಸಾಮಾನ್ಯ ನಂಬಿಕೆ. ಕಡಲೆಕಾಯಿಯ ಸ್ವಭಾವ ಬೇರೆಯೇ ಹೇಳುತ್ತದೆ. ಹೊಲದಿಂದ ಕಿತ್ತು ತಂದ ಹಸಿಕಾಯಿಯಲ್ಲಿ ನೀರಿನಂಶ ಹೆಚ್ಚು. ಚೀಲದೊಳಗೆ ಮೂರ್ನಾಲ್ಕು ದಿನ ಕಾವು ಹಿಡಿದರೆ ಬೂಷ್ಟು ಬರುತ್ತದೆ, ನವೆಂಬರಿನ ಜಡಿಮಳೆ ಬಿದ್ದರೆ ಇನ್ನೂ ಬೇಗ. ಹಸಿಕಾಯಿ ತಂದ ರೈತನಿಗೆ ಬೇಕಿರುವುದು ಎರಡು ದಿನದಲ್ಲಿ ಭರ್ತಿ ವ್ಯಾಪಾರ, ಆಮೇಲೆ ಊರು. ದಿನ ಹಿಗ್ಗಿ ಅದೇ ಗಿರಾಕಿಗಳು ಐದು ದಿನಕ್ಕೆ ಹಂಚಿಹೋದರೆ ಅವನ ಸರಕು ಕೆಡುತ್ತದೆ, ಕೂಲಿ–ಊಟದ ಖರ್ಚು ಏರುತ್ತದೆ. ಹುರಿದ ಕಾಯಿ ಮಾರುವವರಿಗೆ ಆ ಭಯವಿಲ್ಲ. ಆಟಿಕೆ, ಬಳೆ, ತಿಂಡಿಗಾಡಿಯವರಿಗೆ ದಿನ ಹೆಚ್ಚಾದಷ್ಟೂ ಒಳ್ಳೆಯದೇ. ಹಾಗಾಗಿ ‘ವ್ಯಾಪಾರಿಗಳ ಹಿತ’ ಎಂಬ ಒಂದೇ ಮಾತಿನೊಳಗೆ ಎರಡು ಹಿತಗಳಿವೆ. ಬಡವರ ಬಾದಾಮಿಯ ಹೆಸರಿನಲ್ಲಿ ನಡೆಯುವ ವಿಸ್ತರಣೆಯಿಂದ ಬಡವರ ಬಾದಾಮಿಗೇ ಕಡಿಮೆ ಲಾಭವಾಗಬಹುದು.

ಸುಂಕದ ವಿಷಯವೂ ಇದಕ್ಕೆ ತಳುಕು ಹಾಕಿಕೊಂಡಿದೆ. ಹೆಸರಿನಲ್ಲೇ ಸುಂಕ ಇಟ್ಟುಕೊಂಡ ಸುಂಕೇನಹಳ್ಳಿಯ ನೆಲದ ಈ ಪರಿಷೆಯಲ್ಲಿ ಗುತ್ತಿಗೆದಾರರ ವಸೂಲಿ ಬೇಡ ಎಂಬುದು ನ್ಯಾಯವಾದ ಬೇಡಿಕೆ. ಕಡಲೆಕಾಯಿ ಮಾರುವವರಿಗೆ ಜಾಗ ಬಿಟ್ಟಿಯಾಗಿಯೇ ಸಿಗಬೇಕು. ಎಲ್ಲ ಮಳಿಗೆಗೂ ಬಿಟ್ಟಿಯಾದರೆ ಮಾತ್ರ ಪರಿಷೆಗೆ ಸಂಬಂಧವೇ ಇಲ್ಲದ ಸರಕಿನವರು ಮೊದಲೇ ಬಂದು ಗುಡಿಯ ಹತ್ತಿರದ ಜಾಗ ಹಿಡಿಯುತ್ತಾರೆ. ಕಡಲೆಕಾಯಿಯವನು ಅಡ್ಡರಸ್ತೆಗೆ, ಅಂದರೆ ಮನೆಗಳ ಗೇಟಿಗೆ, ಸರಿಯಬೇಕಾಗುತ್ತದೆ.

ಪೀಪಿಗೆ ಕಾನೂನು ಇದೆಯೇ?

ಇದೆ, ಆದರೆ ಹಗಲಿನಲ್ಲಿ ಕೈಗೆ ಸಿಗುವುದಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ಹಬ್ಬಗಳಿಗೆಂದು ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಮಿತಿಗಿಂತ 10 ಡೆಸಿಬಲ್ ಹೆಚ್ಚಾದರೆ ಯಾರು ಬೇಕಾದರೂ ದೂರು ಕೊಡಬಹುದು.

ಮೈಕು ಹಾಕಿದವರಿಗೆ ಅನುಮತಿ ಪತ್ರವಿರುತ್ತದೆ, ಹೆಸರಿರುತ್ತದೆ, ಪೊಲೀಸರು ಹೋಗಿ ನಿಲ್ಲಿಸಬಹುದು. ಪೀಪಿಗೆ ಅನುಮತಿಯೂ ಬೇಡ, ಅನುಮತಿ ಪಡೆದವರೂ ಇಲ್ಲ. ಒಂದೊಂದು ಪೀಪಿ ಸಣ್ಣದು, ಸಾವಿರ ಸೇರಿದರೆ ಕಿವಿ ತೂತು. ಸಾವಿರ ಮಕ್ಕಳಲ್ಲಿ ಯಾರ ಮೇಲೆ ಪ್ರಕರಣ ಹಾಕುವುದು? ಊದುವವರನ್ನು ಹಿಡಿಯಲು ಹೊರಟರೆ ನಗೆಪಾಟಲು. ಮಾರಾಟವನ್ನು ತಡೆಯುವುದೊಂದೇ ಸಾಧ್ಯವಿರುವ ದಾರಿ, ಅದೂ ಮಳಿಗೆಗೆ ಜಾಗ ಕೊಡುವ ಹೊತ್ತಿನಲ್ಲೇ ಷರತ್ತಾಗಿ ಬರಬೇಕು. ಜಾಗವನ್ನು ಯಾರೂ ಕ್ರಮವಾಗಿ ಕೊಡುವುದೇ ಇಲ್ಲ, ಬಂದವರು ಹಿಡಿದುಕೊಳ್ಳುತ್ತಾರೆ ಎಂದಾದರೆ ಷರತ್ತು ಹಾಕುವುದು ಎಲ್ಲಿ?

ಯಾರನ್ನು ಕೇಳುವುದು

ಗುಡಿ ಮುಜರಾಯಿ ಇಲಾಖೆಯದ್ದು. ರಸ್ತೆ, ಕಸ ಪಾಲಿಕೆಯದ್ದು. ಸಂಚಾರ, ಬಂದೋಬಸ್ತು ಪೊಲೀಸರದ್ದು. ವಿದ್ಯುತ್ ಬೆಸ್ಕಾಂನದ್ದು. ದಿನ ಎಷ್ಟೆಂಬ ನಿರ್ಧಾರ ಒಂದು ಕಡೆ, ಆ ದಿನಗಳ ಭಾರ ಹೊರುವವರು ಇನ್ನೊಂದು ಕಡೆ. ಇದರ ಮೇಲೆ 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ ಐದು ನಗರ ಪಾಲಿಕೆಗಳು ಬಂದವು. ಐದು ದಿನದ ಪರಿಷೆ ನಡೆದದ್ದು ಅದಾದ ಎರಡೇ ತಿಂಗಳಿಗೆ. ಬಿಬಿಎಂಪಿಗೆ ಚುನಾಯಿತ ಸದಸ್ಯರು ಇಲ್ಲವಾಗಿ 2020ರಿಂದಲೇ ವರ್ಷಗಳು ಕಳೆದಿದ್ದವು. ಬೀದಿಯ ಮಾತನ್ನು ಸಭೆಗೆ ಒಯ್ಯುವ ಕಾರ್ಪೊರೇಟರ್ ಎಂಬ ಕೊಂಡಿಯೇ ಇಲ್ಲದ ಕಾಲದಲ್ಲಿ ಬೀದಿಯ ಬಗ್ಗೆ ದೊಡ್ಡ ತೀರ್ಮಾನವಾಯಿತು.

ದೂರು ಕೊಡಲು ಹಿಂಜರಿಕೆಗೆ ಇನ್ನೊಂದು ಕಾರಣವಿದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕಡಲೆಕಾಯಿ ಪರಿಷೆ, ಕರಗ ಇವೆರಡೂ ಬೆಂಗಳೂರು ಐಟಿಗೆ ಮೊದಲೂ ಊರಾಗಿತ್ತು ಎಂಬುದಕ್ಕೆ ಉಳಿದಿರುವ ಗುರುತುಗಳು. ಅಂಥದ್ದರ ಬಗ್ಗೆ ಗೊಣಗಿದರೆ ‘ನೀವು ಈ ಊರಿನವರಲ್ಲವೇನ್ರೀ’ ಎಂಬ ಪ್ರಶ್ನೆ ತಯಾರಾಗಿರುತ್ತದೆ. ಮೂರು ತಲೆಮಾರಿನಿಂದ ಇಲ್ಲೇ ಇರುವವರಿಗೂ ಆ ಪ್ರಶ್ನೆಗೆ ಹೆದರಿಕೆ. ಹೀಗೆ ಅಸಮಾಧಾನ ಅರ್ಜಿಯ ರೂಪ ಪಡೆಯದೆ ವಾಕಿಂಗ್‌ನ ಹರಟೆಯಲ್ಲೇ ಉಳಿಯುತ್ತದೆ. ಅರ್ಜಿ ಬರದಿದ್ದರೆ ಎಲ್ಲರಿಗೂ ಒಪ್ಪಿಗೆಯಿದೆ ಎಂದೇ ಕಚೇರಿಗಳು ಬರೆದುಕೊಳ್ಳುತ್ತವೆ.

ಮೈದಾನಕ್ಕೆ ಸಾಗಿಸಿದರೆ?

ಹತ್ತಿರದಲ್ಲೇ ನ್ಯಾಷನಲ್ ಕಾಲೇಜು ಮೈದಾನವಿದೆ, ಅಲ್ಲಿಗೆ ಕಳಿಸಿಬಿಡಿ ಎನ್ನುವವರಿದ್ದಾರೆ. ಸಲೀಸಾಗಿ ಕಾಣುವ ಈ ಪರಿಹಾರ ಪರಿಷೆಯ ಕತ್ತು ಹಿಸುಕುತ್ತದೆ. ಇಲ್ಲಿ ವ್ಯಾಪಾರ ನಡೆಯುವುದೇ ಜನ ಬಸವಣ್ಣನಿಗೆ ಹೋಗುವ ದಾರಿಯಲ್ಲಿ. ದಾರಿಯಲ್ಲಿ ಕೊಂಡು, ಗುಡಿಯಲ್ಲಿ ಒಂದಿಷ್ಟು ಒಪ್ಪಿಸಿ, ಬರುವಾಗ ಮನೆಗೊಯ್ಯುವುದು ಇದರ ನಡೆ. ದಾರಿಯಿಂದ ಕಿತ್ತರೆ ಉಳಿಯುವುದು ಬೇಲಿಯೊಳಗಿನ ವಸ್ತುಪ್ರದರ್ಶನ. ಅದಕ್ಕೆ ಟಿಕೆಟ್ಟೂ ಬರುತ್ತದೆ, ಪ್ರಾಯೋಜಕರೂ ಬರುತ್ತಾರೆ, ಮಾಗಡಿಯ ರೈತ ಬರುವುದಿಲ್ಲ.

ಕಾನೂನಿನ ತೊಡಕೂ ಇದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ, ಐವತ್ತು ವರ್ಷಕ್ಕೂ ಮೇಲ್ಪಟ್ಟು ನಡೆದುಬಂದ ಸಹಜ ಮಾರುಕಟ್ಟೆಗಳನ್ನು ಪಾರಂಪರಿಕ ಮಾರುಕಟ್ಟೆ ಎಂದು ಘೋಷಿಸಬೇಕು, ಅಲ್ಲಿನ ವ್ಯಾಪಾರಿಗಳನ್ನು ಸ್ಥಳಾಂತರಿಸಬಾರದು ಎನ್ನುತ್ತದೆ. ವರ್ಷಕ್ಕೊಮ್ಮೆ ಸೇರುವ ಪರಿಷೆ ಈ ವ್ಯಾಖ್ಯೆಯೊಳಗೆ ಬರುತ್ತದೆಯೇ ಎಂಬುದು ವಾದಕ್ಕೆ ತೆರೆದ ವಿಷಯ. ಬಂದರೆ ಕಡಲೆಕಾಯಿ ಮಾರುವವರಿಗೆ ಗಟ್ಟಿ ರಕ್ಷಣೆ ಸಿಗುತ್ತದೆ. ಮೊನ್ನೆ ಮೊನ್ನೆ ಬಂದ ಆಟಿಕೆ ಮಳಿಗೆಗಳು ಅದೇ ಆಸರೆ ಕೇಳುವುದು ಕಷ್ಟ.

ಮಲ್ಲೇಶ್ವರದ ಕಾಡು ಮಲ್ಲೇಶ್ವರ ಗುಡಿಯ ಬಳಿಯೂ ಈಚಿನ ವರ್ಷಗಳಲ್ಲಿ ಕಡಲೆಕಾಯಿ ಪರಿಷೆ ನಡೆಯುತ್ತಿದೆ. ಒಂದೇ ಕಡೆ ದಿನ ಹಿಗ್ಗಿಸುವ ಬದಲು ಬೇರೆ ಬೇರೆ ಕಡೆ ಬೇರೆ ವಾರ ನಡೆಸುವ ದಾರಿಯೊಂದಿದೆ ಎಂಬುದಕ್ಕೆ ಅದು ಗುರುತು. ಬೆಳೆಗಾರನಿಗೂ ಅದು ಅನುಕೂಲ, ಕಿತ್ತಷ್ಟನ್ನು ತಂದು ಮಾರಿ ಮುಂದಿನ ವಾರ ಮತ್ತೆ ಹೊಸಕಾಯಿ ತರಬಹುದು.

ದಿನ ಹೀಗೇ ಉಳಿದರೆ

ಐದು ದಿನ ಖಾಯಂ ಆದರೆ ಆಗಬಹುದಾದದ್ದನ್ನು ಊಹಿಸಲು ಜ್ಯೋತಿಷ್ಯ ಬೇಕಿಲ್ಲ. ಹಸಿಕಾಯಿ ರೈತರ ಪಾಲು ಕುಗ್ಗಿ, ಕೊಂಡು ತಂದು ಮಾರುವವರ ಪಾಲು ಹಿಗ್ಗುತ್ತದೆ. ಒಂದು ದಿನದ ಕಿರಿಕಿರಿಯನ್ನು ಹಬ್ಬದ ಖರ್ಚು ಎಂದು ನುಂಗಿಕೊಳ್ಳುತ್ತಿದ್ದ ಮನೆಗಳು ಒಂದು ವಾರದ್ದನ್ನು ನುಂಗಿಕೊಳ್ಳುವುದಿಲ್ಲ. ಯಾರಾದರೊಬ್ಬರು ಹೈಕೋರ್ಟಿನ ಬಾಗಿಲು ತಟ್ಟಿದರೆ ಅಲ್ಲಿ ಚರ್ಚೆ ದಿನ, ಡೆಸಿಬಲ್, ರಸ್ತೆ ಬಂದ್‌ಗಳ ಮೇಲೆ ನಡೆಯುತ್ತದೆ. ಸೇರು, ಬಸವ, ಮೊದಲ ಬೆಳೆಗೆ ಅಲ್ಲಿ ಅಂಕಣವಿಲ್ಲ. ಅಲ್ಲಿಂದ ಕಡಿವಾಣದ ಆದೇಶ ಬಂದರೆ ಎಲ್ಲರಿಗಿಂತ ಮೊದಲು ಪೆಟ್ಟು ತಿನ್ನುವವರು ಯಾರಿಗೂ ತೊಂದರೆ ಕೊಡದ ಮೂಟೆ ಕಡಲೆಕಾಯಿಯವರು.

ಇದನ್ನು ತಪ್ಪಿಸಲು ಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ ಒಂದು ನಕ್ಷೆ. ಗುಡಿಯ ದಾರಿ ಪೂರ್ತಿ ಕಡಲೆಕಾಯಿಗೆ. ಆಟಿಕೆ–ತಿಂಡಿಗೆ ಬೇರೆ ಜಾಗ, ಅವಕ್ಕೆ ಶುಲ್ಕ. ಆ ಶುಲ್ಕದಿಂದ ಶೌಚಾಲಯ ಮತ್ತು ರಾತ್ರಿ ಕಾವಲು. ಪ್ರತಿ ಅಡ್ಡರಸ್ತೆಯ ಬಾಯಿ ತೆರೆದಿಡಬೇಕು. ನಕ್ಷೆ ಬರೆಯುವ ಮೇಜಿನ ಸುತ್ತ ಮುಜರಾಯಿ, ಪಾಲಿಕೆ, ಪೊಲೀಸರ ಜೊತೆ ಆ ರಸ್ತೆಯ ನಾಲ್ಕು ಮನೆಯವರೂ, ನಾಲ್ಕು ಸೇರಿನವರೂ ಕೂರಬೇಕು.

2026ರಲ್ಲಿ ಅಧಿಕ ಮಾಸ ಬಂದಿರುವುದರಿಂದ ಕಡೇ ಕಾರ್ತಿಕ ಸೋಮವಾರ ತಡವಾಗಿ, ಡಿಸೆಂಬರ್ 7ಕ್ಕೆ ಬೀಳುತ್ತದೆ. ಐದು ದಿನವೆಂದರೆ 11ರವರೆಗೆ, ಮತ್ತೆ ಮಾರ್ಗಶಿರದೊಳಕ್ಕೆ. ಹಿಂದಿನ ಶನಿವಾರ 5ನೇ ತಾರೀಖು. ಟಾರ್ಪಾಲು ಹಾಸುವವರು 4ರ ರಾತ್ರಿಯೇ ಬಂದಿರುತ್ತಾರೆ.